ಮೊದಲು ಟೇಬಲ್ ಖಾಲಿ ಮಾಡಿ

(ಕಲಬುರಗಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ, ಮರಗೆಲಸ ಕಲಿಯಲು ಬಂದಿದ್ದ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ.)

ಈ ಡಬ್ಬಿ ನೋಡಿ. ಹಿಂದಿನ ಸಾಲಿನವರಿಗೂ ಕಾಣಲಿ ಅಂತ ಎತ್ತಿ ಹಿಡಿದಿದ್ದೇನೆ. ಸಾಗವಾನಿ, ಅಂದರೆ ತೇಗ. ನಾಲ್ಕು ಮೂಲೆ ಚೆನ್ನಾಗಿ ಕೂತಿವೆ, ಪಾಲಿಶ್ ಕೂಡ ಪರವಾಗಿಲ್ಲ. ಈಗ ತಿರುಗಿಸುತ್ತೇನೆ. ತಳದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಸೀಳು ಬಿಟ್ಟಿದೆ. ಕಿಟಕಿ ಕಡೆ ಹಿಡಿದರೆ ಬೆಳಕು ಕಾಣುತ್ತದೆ. ಒಳಗೆ ಗುಂಡುಸೂಜಿ ಹಾಕಿದರೆ ಸೀಳಿನಲ್ಲಿ ಇಳಿದು, ತಲೆ ಸಿಕ್ಕಿಕೊಂಡು ಕೆಳಗೆ ಜೋತಾಡುತ್ತದೆ.

ಇದು ನಾನು ಮಾಡಿದ ಮೊದಲನೇ ಡೆಸ್ಕ್ ಆರ್ಗನೈಸರ್. ಅಂಗಡಿಯಲ್ಲಿ ಆ ಹೆಸರು, ನಮ್ಮ ಮನೆಯಲ್ಲಿ ‘ಪೆನ್ನಿನ ಡಬ್ಬಿ’. ಆಮೇಲೆ ಇಪ್ಪತ್ತಕ್ಕೂ ಜಾಸ್ತಿ ಮಾಡಿದ್ದೇನೆ. ಚೆನ್ನಾಗಿ ಬಂದವೆಲ್ಲ ಯಾರ್ಯಾರದೋ ಮನೆ ಸೇರಿದವು. ಇದನ್ನು ಮಾತ್ರ ಯಾರೂ ಕೇಳಲಿಲ್ಲ, ನನ್ನ ಹತ್ತಿರವೇ ಉಳಿಯಿತು.

ಸೀಳು ಎಲ್ಲರ ಕಣ್ಣಿಗೆ ಬೀಳುತ್ತದೆ. ನನಗೆ ಅದಕ್ಕಿಂತ ಸಿಟ್ಟು ತರಿಸುವುದು ಇನ್ನೊಂದಿದೆ. ಈ ಖಾನೆ ಮೊಬೈಲ್‌ಗೆ ಅಂತ ಮಾಡಿದ್ದು. ಮೊಬೈಲ್ ಹೋಗಲ್ಲ. ಕವರ್ ತೆಗೆದರೆ ಹೋಗುತ್ತದೆ. ದಿನಕ್ಕೆ ಹತ್ತು ಸಲ ಕವರ್ ಬಿಚ್ಚಿ ಮೊಬೈಲ್ ಇಡುವವರು ಯಾರಾದರೂ ಇದ್ದೀರಾ? ಪಕ್ಕದ ಖಾನೆ ಕತ್ತರಿಗೆ ಅಂದುಕೊಂಡಿದ್ದೆ. ಅಷ್ಟು ಸಣ್ಣ ಕತ್ತರಿ ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಎಲ್ಲೋ ಒಂದು ಚಿತ್ರ ನೋಡಿದ್ದೆ, ಚಂದ ಕಂಡಿತು, ಅದೇ ಅಳತೆ ಹಾಕಿದೆ. ಆ ಪುಣ್ಯಾತ್ಮ ತನ್ನ ಟೇಬಲ್ ಮೇಲೆ ಏನಿತ್ತೋ ಅದಕ್ಕೆ ತಕ್ಕ ಹಾಗೆ ಮಾಡಿಕೊಂಡಿದ್ದ. ನಾನು ಅವನ ಸಾಮಾನಿಗೆ ನನ್ನ ಕಟ್ಟಿಗೆ ಖರ್ಚು ಮಾಡಿದೆ.

ಅದಕ್ಕೇ ಮೊದಲ ಕೆಲಸಕ್ಕೆ ಗರಗಸ ಬೇಡ. ಟೇಬಲ್ ಖಾಲಿ ಮಾಡಿ. ನೆಲಕ್ಕೆ ಒಂದು ಹಳೇ ಪೇಪರ್ ಹಾಸಿ, ಟೇಬಲ್ ಮೇಲಿರುವುದನ್ನೆಲ್ಲ ಅದರ ಮೇಲೆ ಸುರಿಯಿರಿ. ನಾನು ಸುರಿದಾಗ ಹತ್ತೊಂಬತ್ತು ಪೆನ್ನು ಸಿಕ್ಕವು. ಒಂದೊಂದಾಗಿ ಗೀಚಿ ನೋಡಿದೆ. ಬರೆಯುವವು ಏಳು. ಉಳಿದ ಹನ್ನೆರಡಕ್ಕೆ ತೇಗದ ಮನೆ ಕಟ್ಟಿಕೊಡಲು ಹೊರಟಿದ್ದೆ ನಾನು!

ಸತ್ತ ಪೆನ್ನು ಬಿಸಾಕಿ. ಉಳಿದದ್ದನ್ನು ದಿನಾ ಬೇಕಾಗುವುದು, ವಾರಕ್ಕೊಮ್ಮೆ ಬೇಕಾಗುವುದು ಅಂತ ಎರಡು ಗುಡ್ಡೆ ಮಾಡಿ. ವಾರಕ್ಕೊಮ್ಮೆಯದು ಡ್ರಾಯರ್‌ಗೆ ಹೋಗಲಿ. ದಿನಾ ಬೇಕಾಗುವುದನ್ನು ಅಳೆಯಿರಿ. ಬಾಲ್ ಪೆನ್ನು ಸುಮಾರು 145 ಮಿಲಿಮೀಟರ್ ಉದ್ದ ಇರುತ್ತದೆ. ಹೊಸ ಪೆನ್ಸಿಲ್ 175ರ ಆಸುಪಾಸು. ಮೊಬೈಲ್ ಕವರ್ ಸಮೇತ 80 ಮಿಲಿಮೀಟರ್ ಅಗಲ, 10ರಿಂದ 12 ದಪ್ಪ. ಇವು ನನ್ನವು, ನಿಮ್ಮವು ಬೇರೆ ಇರಬಹುದು. ನಮ್ಮ ತಮ್ಮ ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತಾನೆ. ಅವನಿಗೆ ಎರಡು ರಬ್ಬರ್ ಸ್ಟಾಂಪು, ಒಂದು ಇಂಕ್ ಪ್ಯಾಡು, ಟ್ಯಾಗಿನ ಕಟ್ಟು. ಮೊಬೈಲ್ ಅಂಗಿ ಜೇಬಿನಲ್ಲೇ ಇರುತ್ತದೆ. ಅವನ ಡಬ್ಬಿಗೂ ನನ್ನ ಡಬ್ಬಿಗೂ ಸಂಬಂಧವೇ ಇಲ್ಲ.

ಅಳತೆಗೆ ಒಂದು ಮಾತು ಸೇರಿಸಿಕೊಳ್ಳಿ. ಖಾನೆಯಲ್ಲಿ ಸಾಮಾನು ಹಿಡಿದರೆ ಸಾಲದು, ಬೆರಳೂ ಹಿಡಿಯಬೇಕು. ಕ್ಲಿಪ್ಪು, ಪಿನ್ನು ಹಾಕುವ ಖಾನೆ ಆಳ ಇದ್ದರೆ ಬಾವಿಗೆ ಬಿದ್ದ ಕೊಡ ತೆಗೆದ ಹಾಗೆ ತಡಕಾಡಬೇಕಾಗುತ್ತದೆ. ಅದು 40 ಮಿಲಿಮೀಟರ್ ದಾಟಬಾರದು. ಪೆನ್ನಿನ ಖಾನೆಗೆ ಉಲ್ಟಾ ಲೆಕ್ಕ. ಪೆನ್ನು ಅರ್ಧಕ್ಕಿಂತ ಜಾಸ್ತಿ ಒಳಗಿರಬೇಕು, ಇಲ್ಲದಿದ್ದರೆ ಕುಡಿದವರ ಥರ ವಾಲುತ್ತದೆ. ಅಳತೆ ಸಿಕ್ಕ ಮೇಲೂ ಕಟ್ಟಿಗೆ ಮುಟ್ಟಬೇಡಿ. ಚಪ್ಪಲಿ ಡಬ್ಬಿಯ ರಟ್ಟು ಕತ್ತರಿಸಿ ಅದೇ ಅಳತೆಯಲ್ಲಿ ಒಂದು ಮಾಡಿ, ಟೇಪ್ ಹಚ್ಚಿ, ಒಂದು ವಾರ ಬಳಸಿ. ಎಡಗಡೆ ಇರಬೇಕಿತ್ತು, ಬಲಗಡೆ ಇರಬೇಕಿತ್ತು ಅನ್ನುವುದೆಲ್ಲ ಆ ವಾರದಲ್ಲೇ ಗೊತ್ತಾಗುತ್ತದೆ. ರಟ್ಟು ಹಾಳಾದರೆ ಯಾರಿಗೂ ಸಂಕಟ ಇಲ್ಲ.

ಇವತ್ತು ಮಾಡುವ ಡಬ್ಬಿಯ ಅಳತೆ ಬೋರ್ಡ್ ಮೇಲಿದೆ. ಹಲಗೆ 10 ಮಿಲಿಮೀಟರ್ ದಪ್ಪ. ಬಡಿಗರ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೂರು ಸೂತು. ಎಂಟು ಸೂತಿಗೆ ಒಂದು ಇಂಚು, ಗೊತ್ತಲ್ವಾ? ಒಳಗಿನ ಅಗಲ 85. ಉದ್ದಕ್ಕೆ ಪೆನ್ನಿನ ಖಾನೆ 70, ಮೊಬೈಲ್‌ದು 15, ಕ್ಲಿಪ್ಪಿನದು 100. ನಡುವಿನ ಎರಡು ಅಡ್ಡ ಪಟ್ಟಿ, ತುದಿಯ ಎರಡು ಪಟ್ಟಿ ಸೇರಿ 40. ಎಲ್ಲ ಕೂಡಿದರೆ 225. ಪೆನ್ನಿನ ಕಡೆ ಎತ್ತರ 100, ಕ್ಲಿಪ್ಪಿನ ಕಡೆ 40, ನಡುವೆ ಇಳಿಜಾರು. ಮೊಬೈಲ್ ಅರ್ಧ ಮುಳುಗುತ್ತದೆ, ಪರದೆ ಪೂರ್ತಿ ಕಾಣಲ್ಲ. ಬೇಕಂತಲೇ ಹಾಗೆ ಇಟ್ಟಿದ್ದೇನೆ.

ಅಂದರೆ 225ರ ಎರಡು ತುಂಡು, 85ರ ನಾಲ್ಕು ತುಂಡು. 450 ಮತ್ತು 340, ಒಟ್ಟು 790. ಮೂರು ಅಡಿ ಉದ್ದ, ನಾಲ್ಕು ಇಂಚು ಅಗಲದ ಒಂದೇ ಹಲಗೆಯಲ್ಲಿ ಮುಗಿಯುತ್ತದೆ. ಮೂರು ಅಡಿ ಅಂದರೆ 914 ಮಿಲಿಮೀಟರ್. 124 ಮಿಕ್ಕಿತಲ್ಲ ಅಂತೀರಿ. ಅದರ ಮಾತಿಗೆ ಆಮೇಲೆ ಬರುತ್ತೇನೆ, ಅಲ್ಲಿ ನನ್ನ ಮರ್ಯಾದೆ ಹೋದ ಕಥೆ ಇದೆ.

ಈಗ ಈ ಸೀಳು. ಆಷಾಢದಲ್ಲಿ ಮಾಡಿದ ಡಬ್ಬಿ ಇದು. ಹೊರಗೆ ಜಿಟಿಜಿಟಿ ಮಳೆ, ಶಾಲೆಯಿಂದ ಬಂದವನು ದಿನಾ ಸಂಜೆ ಅಂಗಳದ ಕಟ್ಟೆ ಮೇಲೆ ಕೂತು ಮಾಡಿದೆ. ಪ್ಲೈವುಡ್ ಯಾಕೆ ಹಾಕಬೇಕು, ತಳವೂ ತೇಗದ್ದೇ ಇರಲಿ ಅಂತ ಹಟ. ನಾಲ್ಕೂ ಕಡೆ ಅಂಟು ಬಳಿದು ಬಿಗಿದೆ. ದೀಪಾವಳಿ, ಸಂಕ್ರಾಂತಿ ಎಲ್ಲ ಚೆನ್ನಾಗಿ ಕಳೆಯಿತು. ಯುಗಾದಿ ಆದ ಮೇಲೆ ಒಂದು ಮಧ್ಯಾಹ್ನ ಮಲಗಿದ್ದೆ. ಟೇಬಲ್ ಕಡೆಯಿಂದ ‘ಟಪ್’ ಅಂತ ಸದ್ದು. ಹಲ್ಲಿ ಬಿತ್ತೇನೋ ಅಂದುಕೊಂಡೆ. ಎದ್ದು ನೋಡಿದರೆ ಇದು.

ನಮ್ಮ ಓಣಿಯಲ್ಲಿ ಒಬ್ಬರು ಬಡಿಗೇರ ಕಾಕಾ ಇದ್ದರು. ಅವರಿಗೆ ತೋರಿಸಿದೆ. ಡಬ್ಬಿಯನ್ನು ಒಮ್ಮೆ ತಿರುಗಿಸಿ ನೋಡಿ ಕೇಳಿದರು, ‘ಮಳಿಗಾಲದಾಗ ಮಾಡೀರೇನ್ರೀ ಮಾಸ್ತರ?’ ಹೌದು ಅಂದೆ. ‘ಕಟ್ಟಿಗಿ ಮಳಿಗಾಲದಾಗ ನೀರ ಕುಡೀತದ, ಬ್ಯಾಸಿಗ್ಯಾಗ ಸೊರಗ್ತದ. ನೀವು ನಾಕೂ ಕಡಿ ಹಿಡದು ಕುಂದರ್ಸೀರಿ. ಅದು ಎಲ್ಲಿ ಹೋಗಬೇಕು? ಒಡೀತದ’ ಅಂದರು. ನಾನು ಪುಸ್ತಕದಲ್ಲಿ ಆಮೇಲೆ ಓದಿದ್ದೆಲ್ಲ ಅವರು ಆ ನಾಲ್ಕು ಮಾತಲ್ಲಿ ಮುಗಿಸಿದ್ದರು.

ಮರದ ಎಳೆ ಯಾವ ಕಡೆ ಹರಿದಿದೆಯೋ ಆ ಉದ್ದಕ್ಕೆ ಹಲಗೆ ಹಿಗ್ಗುವುದು, ಕುಗ್ಗುವುದು ಲೆಕ್ಕಕ್ಕೇ ಬರಲ್ಲ. ಎಳೆಗೆ ಅಡ್ಡಡ್ಡ, ಅಂದರೆ ಹಲಗೆಯ ಅಗಲದಲ್ಲಿ, ಅದು ಗಾಳಿಯ ತೇವಕ್ಕೆ ತಕ್ಕ ಹಾಗೆ ಹಿಗ್ಗುತ್ತದೆ, ಕುಗ್ಗುತ್ತದೆ. ನೂರು ಮಿಲಿಮೀಟರ್ ಅಗಲದ ತೇಗದ ಹಲಗೆ ಮಳೆಗಾಲದಿಂದ ಬೇಸಿಗೆಗೆ ಬರುವಷ್ಟರಲ್ಲಿ ಹತ್ತಿರಹತ್ತಿರ ಒಂದು ಮಿಲಿಮೀಟರ್ ಕಿರಿದಾಗಬಹುದು. ತೇಗ ಇದರಲ್ಲಿ ಸಾಧು ಸ್ವಭಾವದ್ದು, ಬೇರೆ ಕಟ್ಟಿಗೆ ಇನ್ನೂ ಜಾಸ್ತಿ ಆಡುತ್ತವೆ. ನಮ್ಮಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿ ನಿಲ್ಲುತ್ತದೆ, ತುಟಿ ಒಡೆಯುವಷ್ಟು ಒಣ ಗಾಳಿ. ಕಟ್ಟಿಗೆಗೂ ಅದೇ ಗಾಳಿ ತಾನೇ.

ಹಳ್ಳಿ ಕಡೆಯವರಿಗೆ ಇದು ಹೊಸದಲ್ಲ. ಮೊದಲು ಎತ್ತಿನ ಗಾಡಿಯ ಗಾಲಿ ಬೇಸಿಗೆಯಲ್ಲಿ ಸಡಿಲಾಗಿ ಕಟಕಟ ಅನ್ನುತ್ತಿತ್ತು. ಜಾಲಿ ಕಟ್ಟಿಗೆ ಒಣಗಿ ಕುಗ್ಗಿ, ಕಬ್ಬಿಣದ ಪಟ್ಟಾ ಜಾರುವ ಹಾಗಾಗುತ್ತಿತ್ತು. ಆಗ ಗಾಡಿಯನ್ನು ಹಳ್ಳದ ನೀರಿಗೆ ಇಳಿಸಿ ಬಿಡುತ್ತಿದ್ದರು. ಗಾಲಿ ನೆನೆದು ಹಿಗ್ಗಿ ಮತ್ತೆ ಬಿಗಿಯಾಗುತ್ತಿತ್ತು. ನಾವು ಹುಡುಗರು ಎತ್ತಿಗೆ ನೀರು ಕುಡಿಸಲು ನಿಲ್ಲಿಸಿದ್ದಾರೆ ಅಂದುಕೊಳ್ಳುತ್ತಿದ್ದೆವು.

ಹಾಗಾಗಿ ತಳಕ್ಕೆ ಪ್ಲೈವುಡ್ ಹಾಕಿ. ನಾಲ್ಕು ಅಥವಾ ಆರು ಮಿಲಿಮೀಟರ್‌ದು ಸಾಕು. ಅದರಲ್ಲಿ ಒಂದು ಪದರದ ಎಳೆ ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕಿರುತ್ತದೆ. ಒಂದನ್ನೊಂದು ಹಿಡಿದುಕೊಳ್ಳುವುದರಿಂದ ಅಲುಗಾಡಲ್ಲ. ತಳವೂ ಗಟ್ಟಿ ಕಟ್ಟಿಗೆಯದ್ದೇ ಬೇಕು ಅನ್ನುವವರು ಪಕ್ಕದ ಹಲಗೆಗಳಲ್ಲಿ ಖಾಂಚಾ ಹೊಡೆದು, ಅಂದರೆ ಉದ್ದಕ್ಕೂ ಒಂದು ತೋಡು ಮಾಡಿ, ತಳವನ್ನು ಅಂಟಿಲ್ಲದೆ ಅದರೊಳಗೆ ಸುಮ್ನೆ ಕೂರಿಸಬೇಕು. ಕುಗ್ಗಲಿ, ಹಿಗ್ಗಲಿ, ಜಾಗ ಇರುತ್ತದೆ. ಇವತ್ತೇ ಮೊದಲ ಸಲ ಗರಗಸ ಹಿಡಿಯುವವರು ಆ ಸಾಹಸಕ್ಕೆ ಹೋಗಬೇಡಿ.

ಕಟ್ಟಿಗೆ ಯಾವುದು? ಮರ ಮಾರುವ ಅಡ್ಡೆಗೆ ಹೋಗಿ ಕೇಳಿದರೆ ಅವರು ಬಾಗಿಲು ಚೌಕಟ್ಟಿನ ಅಳತೆಯಲ್ಲಿ ಮಾತಾಡುತ್ತಾರೆ, ನಿಮ್ಮ ಮೂರು ಅಡಿಗೆ ನಗುತ್ತಾರೆ. ಬಡಿಗರ ಅಂಗಡಿಗೆ ಹೋಗಿ. ಚೌಕಟ್ಟು ಕೊಯ್ದು ಉಳಿದ ತೇಗದ ಚೂರು ಮೂಲೆಯಲ್ಲಿ ಬಿದ್ದಿರುತ್ತವೆ. ಹಳೇ ಮನೆ ಕೆಡವಿದ ಕಟ್ಟಿಗೆ ಸಿಕ್ಕರೆ ಇನ್ನೂ ಒಳ್ಳೆಯದು, ಅದು ಎಷ್ಟೋ ಬೇಸಿಗೆ ಕಂಡಿರುತ್ತದೆ. ಮೊಳೆ ಇದೆಯಾ ಅಂತ ಮಾತ್ರ ಎರಡು ಸಲ ನೋಡಿ. ಮಾವಿನ ಕಟ್ಟಿಗೆ ಅಗ್ಗ, ಆದರೆ ಹುಳ ಬೇಗ ಹತ್ತುತ್ತದೆ. ಡಬ್ಬಿ ಕೆಳಗೆ ಹಿಟ್ಟಿನ ಥರ ಪುಡಿ ಉದುರಲು ಶುರುವಾದರೆ ಒಳಗೆ ಹುಳ ಊಟ ಮಾಡುತ್ತಿದೆ ಅಂತ ಅರ್ಥ. ಬೇವಿಗೆ ಆ ಕಾಟ ಕಡಿಮೆ. ಆದರೆ ಅದರ ಎಳೆ ಹಿಂದೆ ಮುಂದೆ ತಿರುಗಿರುತ್ತದೆ, ಹೆರೆದು ನುಣುಪು ಮಾಡಲು ರಂದಾ ಹೊಡೆದರೆ ಕಿತ್ತು ಬರುತ್ತದೆ.

ಯಂತ್ರಗಳು ಬರುವ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಕಟ್ಟಿಗೆ ಹೊಸಬರಿಗೆ ನನ್ನ ಆಯ್ಕೆ. ಮೆದು, ಹಗುರ, ಕೆಟ್ಟರೂ ಹೊಟ್ಟೆ ಉರಿಯಲ್ಲ. ಅದರ ಮೇಲೆ ಒತ್ತಿದ ಮುದ್ರೆ ನೋಡಿ ತನ್ನಿ. ಬೇರೆ ದೇಶಕ್ಕೆ ಹೋಗಿಬರುವ ಪೆಟ್ಟಿಗೆಗಳಿಗೆ ಹುಳ ಸಾಯಿಸುವ ಉಪಚಾರ ಕಡ್ಡಾಯ. ‘ಎಚ್‌ಟಿ’ ಅಂತಿದ್ದರೆ ಬಿಸಿ ಮಾಡಿ ಹುಳ ಸಾಯಿಸಿದ್ದು, ಬಳಸಬಹುದು. ‘ಎಂಬಿ’ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಗಾಳಿ ಹಾಯಿಸಿದ್ದು. ಅದನ್ನು ಮನೆಗೆ ತರಬೇಡಿ.

ಈಗ ಆ 124 ಮಿಲಿಮೀಟರ್ ಕಥೆ. ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ಎರಡನೇ ಡಬ್ಬಿಗೆ ಹಲಗೆ ಮೇಲೆ ಆರೂ ತುಂಡಿನ ಗೆರೆ ಒಟ್ಟಿಗೆ ಎಳೆದೆ. ಸರಿಯಾಗಿ ಗೆರೆ ಮೇಲೆಯೇ ಗರಗಸ ಇಟ್ಟು ಕೊಯ್ದೆ. ಆರನ್ನೂ ಸಾಲಾಗಿ ಇಟ್ಟು ಅಳೆದರೆ ಒಂದೂ ಸರಿ ಇಲ್ಲ. ಕೆಲವು ಒಂದು ಮಿಲಿಮೀಟರ್ ಗಿಡ್ಡ, ಕೆಲವು ಎರಡು. ಎಲ್ಲಿ ಹೋಯಿತು? ನೆಲದ ಮೇಲೆ ಪುಡಿಯಾಗಿ ಬಿದ್ದಿತ್ತು. ಗರಗಸದ ಹಲ್ಲು ಒಂದೊಂದು ಸಲ ಹಾಯ್ದಾಗಲೂ ಒಂದರಿಂದ ಎರಡು ಮಿಲಿಮೀಟರ್ ತಿನ್ನುತ್ತದೆ, ಮಶೀನಿನ ಬ್ಲೇಡು ಮೂರರ ತನಕ. ಕೂಡುವುದು ಬರುತ್ತಿತ್ತು, ಗರಗಸದ ಪಾಲು ಕಳೆಯುವುದು ಗೊತ್ತಿರಲಿಲ್ಲ. ನನ್ನ ಹಳೇ ವಿದ್ಯಾರ್ಥಿಯೊಬ್ಬ ಎದುರಿಗೇ ಕೂತಿದ್ದ. ‘ಸರ್, ಸ್ಟೆಪ್ ಬಿಟ್ಟಿದ್ದೀರಿ, ಮಾರ್ಕ್ಸ್ ಕಟ್’ ಅಂದ.

ಒಂದು ತುಂಡಿಗೆ ಗೆರೆ ಹಾಕಿ, ಕೊಯ್ಯಿರಿ, ಆಮೇಲೆ ಮುಂದಿನದಕ್ಕೆ ಗೆರೆ. ಗರಗಸ ಗೆರೆಯ ಹೊರಬದಿಗೆ, ಬಿಸಾಕುವ ಕಡೆಗೆ ಇರಬೇಕು. ಪೆನ್ಸಿಲ್ ಗೆರೆ ಒಳಗೆ ಉಳಿಯಲಿ. ಇನ್ನೊಂದು ಮಾತು, ಇದು ಇಡೀ ಬೆಳಿಗ್ಗೆಯ ಮುಖ್ಯ ಮಾತು. ಆ ನಾಲ್ಕು ಸಣ್ಣ ತುಂಡು 85 ಇರಲೇಬೇಕು ಅಂತ ಇಲ್ಲ. 84 ಆದರೂ ಡಬ್ಬಿಗೆ ಏನೂ ಆಗಲ್ಲ. ಆದರೆ ನಾಲ್ಕೂ 84 ಆಗಬೇಕು. ಒಂದು 85, ಒಂದು 84 ಆದರೆ ಡಬ್ಬಿ ಅಲ್ಲಿ ಹೊಟ್ಟೆ ಉಬ್ಬಿಸುತ್ತದೆ. ಅದಕ್ಕೆ ಪ್ರತಿ ಸಲ ಟೇಪು ಹಿಡಿಯಬೇಡಿ. ಮೊದಲ ತುಂಡನ್ನೇ ಅಚ್ಚು ಮಾಡಿಕೊಂಡು ಉಳಿದ ಮೂರನ್ನು ಅದರಿಂದ ಗುರುತು ಮಾಡಿ. ಉದ್ದದ ಎರಡು ಹಲಗೆಯನ್ನೂ ಟೇಪ್ ಸುತ್ತಿ ಜೋಡಿಸಿಕೊಂಡು ಇಳಿಜಾರನ್ನು ಒಂದೇ ಸಲ ಕೊಯ್ಯಿರಿ. ಸೊಟ್ಟಗಾದರೂ ಎರಡೂ ಒಂದೇ ಥರ ಸೊಟ್ಟಗಾಗುತ್ತವೆ. ನೋಡಿದವರು ಡಿಸೈನ್ ಅಂದುಕೊಳ್ಳುತ್ತಾರೆ. ಅಡ್ಡ ಪಟ್ಟಿಗಳ ಎತ್ತರಕ್ಕೆ ಲೆಕ್ಕ ಹಾಕುವುದು ಬೇಡ, ಜಾಗದಲ್ಲಿ ನಿಲ್ಲಿಸಿ ಇಳಿಜಾರಿನ ಗೆರೆ ಎಳೆದರೆ ಆಯಿತು.

ಕೊಯ್ದ ಅಂಚು ಸಮ ಮಾಡಲು ನಮ್ಮ ಊರಿನವರಿಗೆ ಒಂದು ಅನುಕೂಲ ಇದೆ. ಶಹಾಬಾದ್ ಪರಸಿ, ಅಂದರೆ ನೆಲಕ್ಕೆ ಹಾಸುವ ಸುಣ್ಣದ ಕಲ್ಲಿನ ಚಪ್ಪಡಿ. ಪಾಲಿಶ್ ಮಾಡಿದ ಒಂದು ತುಂಡು ಪರಸಿ ಹಿತ್ತಲಲ್ಲಿ ಎಲ್ಲಾದರೂ ಬಿದ್ದಿರುತ್ತದೆ. ಅದರ ಮೇಲೆ 120 ನಂಬರಿನ ಪಾಲಿಶ್ ಪೇಪರ್ ಅಂಟಿಸಿ, ಕಟ್ಟಿಗೆಯನ್ನು ನೆಟ್ಟಗೆ ಹಿಡಿದು ಅದರ ಮೇಲೆ ಉಜ್ಜಿ. ಪೇಪರ್ ಕೈಯಲ್ಲಿ ಹಿಡಿದು ಉಜ್ಜಿದರೆ ಅಂಚು ಗುಂಡಗಾಗುತ್ತದೆ. ಕಲ್ಲಿನ ಮೇಲೆ ಉಜ್ಜಿದರೆ ಸಪಾಟಾಗುತ್ತದೆ. ಇದೇ ಪರಸಿ ಇನ್ನೊಂದಕ್ಕೂ ಬರುತ್ತದೆ. ಬರೀ ಪೆನ್ನಿಗೆ ಅಂತ ಎತ್ತರದ, ಸಣ್ಣ ಬುಡದ ಡಬ್ಬಿ ಮಾಡಿದರೆ ಕೈ ತಾಗಿದ ಕೂಡಲೇ ಉರುಳುತ್ತದೆ. ಎಪ್ಪತ್ತಕ್ಕೆ ಎಪ್ಪತ್ತು, ಇಪ್ಪತ್ತು ದಪ್ಪದ ಪರಸಿ ತುಂಡು ತಳದಲ್ಲಿ ಹಾಕಿ. ಸುಣ್ಣದ ಕಲ್ಲು ತೇಗಕ್ಕಿಂತ ನಾಲ್ಕು ಪಟ್ಟು ಭಾರ. ಆ ಚೂರೇ ಕಾಲು ಕೆಜಿ ತೂಗುತ್ತದೆ. ಅಂಟು ಕೂಡ ಬೇಡ.

ಜೋಡಿಸುವಾಗ ಮೊದಲು ಅಂಟಿಲ್ಲದೆ ನಿಲ್ಲಿಸಿ ನೋಡಿ. ಬಿಳಿ ಅಂಟು ಸಾಕು, ಫೆವಿಕಾಲ್ ಅಂತ ಎಲ್ಲರೂ ಅನ್ನುತ್ತೇವಲ್ಲ, ಅದೇ. ಕೊಯ್ದ ತುದಿ ಸ್ಪಂಜಿನ ಥರ, ಹಚ್ಚಿದ ಅಂಟನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಕೊನೆಗೆ ನಡುವೆ ಏನೂ ಉಳಿಯಲ್ಲ. ತೆಳ್ಳಗೆ ಒಮ್ಮೆ ಬಳಿದು, ಅದು ಹೀರಿದ ಮೇಲೆ ಇನ್ನೊಮ್ಮೆ ಬಳಿದು ಜೋಡಿಸಿ. ಆದರೂ ಬರೀ ಅಂಟಿನ ಮೇಲೆ ಭಾರ ಹಾಕಬೇಡಿ. ಮೂಲೆಗೆ ಎರಡೆರಡು ಸಣ್ಣ ಮೊಳೆ ಹೊಡೆಯಿರಿ. ಸೀದಾ ಹೊಡೆದರೆ ಹಲಗೆ ಸೀಳುತ್ತದೆ. ಅದೇ ಅಳತೆಯ ಒಂದು ಮೊಳೆಯ ತಲೆ ಕತ್ತರಿಸಿ, ಡ್ರಿಲ್‌ಗೆ ಸಿಕ್ಕಿಸಿ ತೂತು ಮಾಡಿಕೊಳ್ಳಿ. ಬಡಿಗೇರ ಕಾಕಾ ಮೊಳೆ ಬದಲು ಬಿದಿರು ಕಡ್ಡಿ ಬಡಿಯುತ್ತಿದ್ದರು, ಚಂದ ಕಾಣುತ್ತಿತ್ತು.

ಬೇಸಿಗೆಯಲ್ಲಿ ಅಂಟಿನ ಕೆಲಸ ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಮಧ್ಯಾಹ್ನ ಎರಡನೇ ಮೂಲೆಗೆ ಹೋಗುವಷ್ಟರಲ್ಲಿ ಮೊದಲನೆಯದರ ಮೇಲೆ ಕೆನೆ ಕಟ್ಟಿರುತ್ತದೆ. ಕ್ಲಾಂಪ್ ಇಲ್ಲದವರು ಸೈಕಲ್ ಟ್ಯೂಬ್ ಪಟ್ಟಿ ಕತ್ತರಿಸಿ ಬಿಗಿಯಾಗಿ ಸುತ್ತಿ. ಸುತ್ತಿದ ಕೂಡಲೇ ಎರಡು ಕರ್ಣ ಅಳೆಯಿರಿ, ಈ ಮೂಲೆಯಿಂದ ಆ ಮೂಲೆ, ಆ ಮೂಲೆಯಿಂದ ಈ ಮೂಲೆ. ಎರಡೂ ಒಂದೇ ಬಂದರೆ ಡಬ್ಬಿ ಚೌಕ. ಇಲ್ಲದಿದ್ದರೆ ಉದ್ದ ಇರುವ ಕರ್ಣದ ಎರಡು ತುದಿ ಹಿಡಿದು ಮೆಲ್ಲಗೆ ಒತ್ತಿ. ಹೊರಗೆ ಬಂದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಬಿಟ್ಟರೆ ಅಲ್ಲಿ ಎಣ್ಣೆ ಹಿಡಿಯಲ್ಲ, ಬಿಳಿ ಮಚ್ಚೆ ಉಳಿಯುತ್ತದೆ. ಒಂದು ದಿನ ಮುಟ್ಟಬೇಡಿ.

ಯಾರೋ ಆಗಲೇ ಕೇಳಿದರು, ಬಿದರಿ ಕೆಲಸದ ಥರ ಬೆಳ್ಳಿ ತಂತಿ ಕೂರಿಸಬಹುದಾ ಅಂತ. ಬಿದರಿ ಲೋಹದ ಮೇಲಿನ ಕೆಲಸ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಕೊರೆದು, ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಮಾಡುವುದು. ಮರ ನೋಡಬೇಕೆಂದರೆ ಅದೇ ಕೋಟೆಯ ರಂಗೀನ್ ಮಹಲ್‌ಗೆ ಹೋಗಿ. ಕೆತ್ತಿದ ಮರದ ಕಂಬಗಳಿವೆ, ಕರಿ ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ ಇದೆ. ಮುಂದೆ ನಿಂತರೆ ಅರ್ಧ ಗಂಟೆ ಹೋದದ್ದು ಗೊತ್ತಾಗಲ್ಲ. ಆದರೆ ನೋಡಿ ಬಂದ ಮರುದಿನವೇ ನಿಮ್ಮ ಪೆನ್ನಿನ ಡಬ್ಬಿ ಮೇಲೆ ಹೂಬಳ್ಳಿ ಕೆತ್ತಲು ಹೋಗಬೇಡಿ. ನಾನು ಹೋಗಿದ್ದೆ. ಅದು ಬದನೆಕಾಯಿ ಥರ ಬಂತು.

ಕೊನೆಗೆ ಎಣ್ಣೆ. 120, ಆಮೇಲೆ 180, ಆಮೇಲೆ 220 ನಂಬರಿನ ಪೇಪರ್, ಎಳೆಯ ಉದ್ದಕ್ಕೇ ಉಜ್ಜಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆಮೇಲೆ ಅಗಸಿ ಎಣ್ಣೆ. ನಾವು ಚಟ್ನಿ ಪುಡಿ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುವ ಅದೇ ಅಗಸಿ. ಅದರ ಎಣ್ಣೆ ಗಾಳಿ ತಾಗಿದರೆ ಗಟ್ಟಿಯಾಗುತ್ತದೆ, ಅದಕ್ಕೇ ಮರಕ್ಕೂ ಬಣ್ಣಕ್ಕೂ ಬಳಸುತ್ತಾರೆ. ಅಡುಗೆಮನೆಯ ಶೇಂಗಾ ಎಣ್ಣೆ ಹಚ್ಚಬೇಡಿ. ಅದು ಯಾವತ್ತೂ ಒಣಗಲ್ಲ, ಜಿಡ್ಡು ಜಿಡ್ಡಾಗಿ ಉಳಿದು ಧೂಳು ಹಿಡಿದು ಕಮಟು ವಾಸನೆ ಬರುತ್ತದೆ. ಪೈನ್‌ನಂಥ ಬಿಳಿ ಕಟ್ಟಿಗೆಗೆ ಅಗಸಿ ಎಣ್ಣೆ ಹಳದಿ ಬಣ್ಣ ತರುತ್ತದೆ. ಅದು ಬೇಡ ಅಂದರೆ ಕುಸುಬಿ ಎಣ್ಣೆ ನೋಡಿ, ಅಷ್ಟು ಹಳದಿಯಾಗಲ್ಲ, ಒಣಗುವುದು ಮಾತ್ರ ನಿಧಾನ. ಹಸಿ ಅಗಸಿ ಎಣ್ಣೆಯೇ ವಾರ ಹಿಡಿಯುತ್ತದೆ. ಬಣ್ಣದ ಅಂಗಡಿಯಲ್ಲಿ ಸಿಗುವ ‘ಡಬಲ್ ಬಾಯ್ಲ್ಡ್’ ಬೇಗ ಒಣಗುತ್ತದೆ. ತೆಳ್ಳಗೆ ಹಚ್ಚಿ, ಹದಿನೈದು ನಿಮಿಷ ಬಿಟ್ಟು, ಮಿಕ್ಕಿದ್ದನ್ನೆಲ್ಲ ಒರೆಸಿಬಿಡಿ. ದಪ್ಪಗೆ ಹಚ್ಚಿದರೆ ಅಂಟಂಟಾಗುತ್ತದೆ.

ಒರೆಸಿದ ಬಟ್ಟೆಯ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅದನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಬಿಸಿ ಹೊರಡುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲು ದಾರಿ ಇಲ್ಲದೆ ತಾನಾಗಿಯೇ ಬೆಂಕಿ ಹತ್ತುತ್ತದೆ. ಕಡ್ಡಿ ಗೀರುವುದೇ ಬೇಡ, ಅದರಲ್ಲೂ ನಮ್ಮ ಬೇಸಿಗೆಯಲ್ಲಿ. ಬಿಡಿಸಿ ಹೊರಗೆ ತಂತಿ ಮೇಲೆ ಹರವಿ, ಇಲ್ಲವೇ ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಇಲ್ಲಿ ಬಾಗಿಲ ಹತ್ತಿರ ನೀರು ತುಂಬಿದ ಕೆಂಪು ಬಕೆಟ್ ಇಟ್ಟಿದ್ದೇವೆ. ಸಂಜೆ ನಿಮ್ಮ ಬಟ್ಟೆ ಎಲ್ಲವೂ ಅದರೊಳಗೆ ಇರಬೇಕು. ಎಣಿಸುತ್ತೇನೆ.

ಈಗ ಏಳಿ. ಗರಗಸದ ಟೇಬಲ್ ಕಡೆ ಯಾಕೆ ಹೊರಟಿರಿ? ಮೊದಲು ಜೇಬಿನಲ್ಲಿರುವ ಮೊಬೈಲ್ ತೆಗೆದು, ಕವರ್ ಸಮೇತ ದಪ್ಪ ಅಳೆದು ಬರೆದುಕೊಳ್ಳಿ. ಅಳತೆಪಟ್ಟಿ ಎಡಗಡೆ ಬೆಂಚಿನ ಮೇಲಿದೆ.